ತೋರಿಸುವುದು ತಪ್ಪಲ್ಲ, ತೋರಿಸುವ ಹೊತ್ತು ತಪ್ಪಿದರೆ ಕಷ್ಟ

‘ಡೆಂಡ್ರಿಟಿಕ್ ಕೋಶಗಳು ನಮ್ಮದೇ ಪ್ರೋಟೀನಿನ ತುಣುಕುಗಳನ್ನೂ ಟಿ ಕೋಶಗಳಿಗೆ ತೋರಿಸುತ್ತವಂತೆ. ಹಾಗಾದರೆ ಎಲ್ಲರಿಗೂ ಆಟೋಇಮ್ಯೂನ್ ಕಾಯಿಲೆ ಬರಬೇಕಿತ್ತಲ್ಲವೇ?’ ಎಂದು ಕೇಳಿದ್ದೀರಿ. (ಡೆಂಡ್ರಿಟಿಕ್ ಕೋಶಗಳು ಪ್ರೋಟೀನಿನ ತುಣುಕುಗಳನ್ನು ಹೊತ್ತು ತೋರಿಸುವ ಕಾವಲುಗಾರರು, ಟಿ ಕೋಶಗಳು ಅದನ್ನು ನೋಡಿ ದಾಳಿಗೆ ಇಳಿಯುವ ರಕ್ಷಣಾ ಕೋಶಗಳು. ಆ ದಾಳಿ ನಮ್ಮ ದೇಹದ ಮೇಲೆಯೇ ತಿರುಗಿದರೆ ಅದು ಆಟೋಇಮ್ಯೂನ್ ಕಾಯಿಲೆ.) ವಿದ್ಯಾರ್ಥಿಯಾಗಿದ್ದಾಗ ನಾನು ಇದಕ್ಕೆ ಸುಲಭದ ಉತ್ತರವೊಂದನ್ನು ನಂಬಿಕೊಂಡಿದ್ದೆ: ನಮ್ಮದೇ ತುಣುಕನ್ನು ಗುರುತಿಸುವ ಟಿ ಕೋಶಗಳೆಲ್ಲ, ಅವು ಬಲಿಯುವ ಥೈಮಸ್ ಗ್ರಂಥಿಯಲ್ಲೇ ಸತ್ತುಹೋಗುತ್ತವೆ. ಅದು ಅರ್ಧ ಸತ್ಯ. ಥೈಮಸ್‌ನ ಜರಡಿ ಅಷ್ಟು ಬಿಗಿಯಾದುದಲ್ಲ. ನರಗಳ ಹೊದಿಕೆಯಾದ ಮಯಲಿನ್ ಅನ್ನು ಗುರುತಿಸುವ ಟಿ ಕೋಶಗಳು ಆರೋಗ್ಯವಂತರ ರಕ್ತದಲ್ಲೂ ಸಿಗುತ್ತವೆ.

ಟಿ ಕೋಶ ದಾಳಿಗೆ ಇಳಿಯಲು ಎರಡು ಸಂಕೇತಗಳು ಬೇಕು. ಗುಟ್ಟಿರುವುದು ಎರಡನೆಯ ಸಂಕೇತದಲ್ಲಿ. ಎಂಎಚ್‌ಸಿ ಎಂಬ, ತುಣುಕನ್ನು ಹಿಡಿದು ತೋರಿಸುವ ಅಣುವಿನ ಬೊಗಸೆಯಲ್ಲಿ ಕೂತ ತುಣುಕು ಮೊದಲ ಸಂಕೇತ. ಅದೇ ಕೋಶದ ಮೈಮೇಲಿನ ಸಿಡಿ80, ಸಿಡಿ86 ಅಣುಗಳು ಟಿ ಕೋಶದ ಸಿಡಿ28 ಅನ್ನು ಹಿಡಿದು ಕೊಡುವ ಒಪ್ಪಿಗೆ ಎರಡನೆಯದು. ನೆಮ್ಮದಿಯಾಗಿರುವ ಡೆಂಡ್ರಿಟಿಕ್ ಕೋಶದಲ್ಲಿ ಈ ಅಣುಗಳು ತೀರಾ ಕಡಿಮೆ. ತುಣುಕು ಕಂಡೂ ಒಪ್ಪಿಗೆ ಸಿಗದ ಟಿ ಕೋಶ ಜಡವಾಗುತ್ತದೆ, ಇಲ್ಲವೇ ಸಾಯುತ್ತದೆ. ನೀವು ಹೆದರುತ್ತಿರುವ ಆ ಪ್ರದರ್ಶನವೇ ದಿನನಿತ್ಯ ನಮ್ಮನ್ನು ಕಾಯುತ್ತಿರುತ್ತದೆ!

ನನಗೆ ಇದನ್ನು ಮನದಟ್ಟು ಮಾಡಿಸಿದ್ದು ಇಲಿಗಳ ಪ್ರಯೋಗ. ಮಯಲಿನ್ ತುಣುಕನ್ನು ಬರೀ ಉಪ್ಪುನೀರಿನಲ್ಲಿ ಕಲಸಿ ಚುಚ್ಚಿದರೆ ಇಲಿಗೆ ಏನೂ ಆಗುವುದಿಲ್ಲ. ಅದನ್ನೇ ಸತ್ತ ಕ್ಷಯದ ಬ್ಯಾಕ್ಟೀರಿಯಾ ಬೆರೆಸಿದ ಎಣ್ಣೆಯಲ್ಲಿ ಕಡೆದು ಚುಚ್ಚಿ (ಕೆಲವು ತಳಿಗಳಿಗೆ ನಾಯಿಕೆಮ್ಮಿನ ಬ್ಯಾಕ್ಟೀರಿಯಾದ ವಿಷವೂ ಬೇಕು), ಒಂದೆರಡು ವಾರ ಕಾಯಿರಿ: ಮೊದಲು ಬಾಲದ ತುದಿ ಸೋಲುತ್ತದೆ, ಆಮೇಲೆ ಇಡೀ ಬಾಲ ಜೋತುಬೀಳುತ್ತದೆ, ಕೊನೆಗೆ ಹಿಂಗಾಲುಗಳನ್ನು ಎಳೆದುಕೊಂಡು ಓಡಾಡುತ್ತದೆ. ತುಣುಕು ಎರಡರಲ್ಲೂ ಒಂದೇ. ಬ್ಯಾಕ್ಟೀರಿಯಾದ ವಾಸನೆ ಹತ್ತಿದ ಡೆಂಡ್ರಿಟಿಕ್ ಕೋಶ ಮಾತ್ರ ಬೇರೆ. ಅದು ಸಿಡಿ80, ಸಿಡಿ86 ಹೆಚ್ಚಿಸಿಕೊಂಡು, ಐಎಲ್-6, ಐಎಲ್-23 ಎಂಬ ಉರಿಯೂತದ ಸಂದೇಶವಾಹಕ ಅಣುಗಳನ್ನು ಸುರಿಸುತ್ತ ದುಗ್ಧಗ್ರಂಥಿಗೆ ಹೋಗಿರುತ್ತದೆ. ಈ ಬ್ಯಾಕ್ಟೀರಿಯಾ ಬೆರಕೆಯನ್ನು ರೋಗನಿರೋಧಕ ವಿಜ್ಞಾನಿ ಚಾರ್ಲ್ಸ್ ಜೇನ್‌ವೇ 1989ರಲ್ಲಿ ತಮ್ಮ ವೃತ್ತಿಯವರ ‘ಕೊಳಕು ಪುಟ್ಟ ಗುಟ್ಟು’ ಎಂದು ಕರೆದರು.

ಮನುಷ್ಯರಲ್ಲಿ ಸೋಂಕೋ, ಅಂಗಾಂಶದ ಗಾಯವೋ ಆ ಎಣ್ಣೆಯ ಕೆಲಸ ಮಾಡಬಹುದು. ಎಚ್‌ಎಲ್‌ಎ (ಮನುಷ್ಯರ ಎಂಎಚ್‌ಸಿ ಅಣುಗಳನ್ನು ಕಟ್ಟುವ) ಜೀನುಗಳ ಪಾತ್ರವೂ ದೊಡ್ಡದು, ಏಕೆಂದರೆ ಯಾರ ಬೊಗಸೆಯಲ್ಲಿ ಯಾವ ತುಣುಕು ಕೂರುತ್ತದೆ ಎಂಬುದನ್ನು ನಿರ್ಧರಿಸುವುದು ಅವೇ. ಒಮ್ಮೆ ಉರಿಯೂತ ಶುರುವಾದರೆ ಒಡೆದ ಕೋಶಗಳಿಂದ ಹೊಸ ಹೊಸ ತುಣುಕುಗಳು ಹೊರಬಿದ್ದು, ಅವನ್ನೂ ತೋರಿಸುವ ಕೆಲಸ ನಡೆಯುತ್ತದೆ. ಕಾಯಿಲೆ ಬೇರೂರುವುದು ಹೀಗೆ.

ಎರಡನೆಯ ಸಂಕೇತ ಬರೀ ಪುಸ್ತಕದ ಮಾತಲ್ಲ. ಸಂಧಿವಾತಕ್ಕೆ ಕೊಡುವ ಅಬಾಟಸೆಪ್ಟ್ ಸಿಡಿ80, ಸಿಡಿ86 ಅಣುಗಳನ್ನೇ ಮುಚ್ಚಿಹಾಕುತ್ತದೆ. ಕ್ಯಾನ್ಸರಿಗೆ ಕೊಡುವ ಇಪಿಲಿಮುಮಾಬ್ ಇದಕ್ಕೆ ತದ್ವಿರುದ್ಧ: ಸಿಟಿಎಲ್‌ಎ-4 ಎಂಬ, ಟಿ ಕೋಶದ ಮೇಲಿನ ಬ್ರೇಕನ್ನು ಅದು ಕಳಚಿಬಿಡುತ್ತದೆ, ಕೆಲವು ರೋಗಿಗಳಿಗೆ ಗೆಡ್ಡೆಯ ಜೊತೆಗೆ ತಮ್ಮ ಕರುಳಿನ ಮೇಲೂ ದಾಳಿ ಶುರುವಾಗುತ್ತದೆ.