ಸಹಿ ಹಾಕುವ ಮುಂಚೆ ಏಳನೇ ಕಲಂ ಓದಿ

ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು ಬರೆದಿದ್ದಾರೆ. 18 ಎಕರೆ ಕಾಫಿ, ಅದರಲ್ಲಿ 2 ಎಕರೆ ಸರ್ಕಾರಿ ಜಾಗದ ಒತ್ತುವರಿ, ಅದರ ಗುತ್ತಿಗೆಗೆ ಅರ್ಜಿ ಹಾಕಿ ಕಾಯುತ್ತಿದ್ದಾರೆ. ಕಾಫಿ ಕೊಳ್ಳುವವರು ನಾಲ್ಕು ಪುಟದ ಇಂಗ್ಲಿಷ್ ಕಾಗದ ಕಳಿಸಿ, ‘ಇಎಸ್‌ಜಿ ಡಿಕ್ಲರೇಷನ್, ಸುಮ್ನೆ ಒಂದು ಸಹಿ ಹಾಕಿ’ ಅಂದರಂತೆ. ಪರಿಸರ, ಕಾರ್ಮಿಕರು, ಆಡಳಿತ ಎಲ್ಲ ಸರಿ ಇದೆ ಅನ್ನುವ ಘೋಷಣೆ ಅದು. ಇದು ಸರ್ಕಾರದ ಕಾನೂನಾ, ಹಾಕಲೇಬೇಕಾ ಅಂತ ಕೇಳಿದ್ದಾರೆ.

ಕಾಗದದ ನಕಲನ್ನೂ ಕಳಿಸಿದ್ದು ಒಳ್ಳೇದಾಯ್ತು ಸ್ವಾಮಿ. ಇದು ಸರ್ಕಾರದ್ದಲ್ಲ, ನಿಮ್ಮಿಬ್ಬರ ನಡುವಿನ ಕರಾರು. ಪರಿಸರ, ಕಾರ್ಮಿಕರು, ಆಡಳಿತದ ಬಗ್ಗೆ ವರ್ಷವರ್ಷ ವರದಿ ಕೊಡಿ ಅಂತ ಷೇರುಪೇಟೆ ನೋಡಿಕೊಳ್ಳುವ ಸೆಬಿ ಹೇಳಿರುವುದು ಷೇರುಪೇಟೆಯ ಮೊದಲ 1000 ಕಂಪನಿಗಳಿಗೆ. ನಿಮಗಲ್ಲ. ನಿಮ್ಮ ಕಣದ ತನಕ ಬಂದಿರುವುದು ಯುರೋಪಿನ ಕಾನೂನು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಅದು ಜಾರಿಯಾಗುವ ದಿನ ಎರಡು ಸಲ ಮುಂದೆ ಹೋಗಿ, ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ 30 ಅಂತ ನಿಂತಿದೆ. ಹೊಣೆ ಅಲ್ಲಿ ಕಾಫಿ ತರಿಸಿಕೊಳ್ಳುವವರದು. ಅವರು ರಫ್ತುದಾರರನ್ನು ಹಿಡಿಯುತ್ತಾರೆ, ರಫ್ತುದಾರರು ನಿಮ್ಮನ್ನು.

ಮರಗಸಿ ಮಾಡಿದರೆ, ಅಂದ್ರೆ ನೆರಳಿನ ಮರದ ಕೊಂಬೆ ಸವರಿದರೆ, ಕಾಡು ಕಡಿದಂತಾ ಅಂತ ಹೆದರಿದ್ದೀರಿ. ಅಲ್ಲ. ಹಳೇ ತೋಟದ ನೆರಳು ಸವರಿದರೆ ಕಾಡು ತೋಟವಾದಂತೆ ಆಗುವುದಿಲ್ಲ.

ತೊಂದರೆ ಇರುವುದು ಆ 2 ಎಕರೆಯಲ್ಲಿ. 4 ಹೆಕ್ಟೇರ್, ಅಂದ್ರೆ ಸುಮಾರು 10 ಎಕರೆ ದಾಟಿದ ತೋಟಕ್ಕೆ ಒಂದು ಜಿಪಿಎಸ್ ಪಾಯಿಂಟ್ ಸಾಲದು, ಇಡೀ ಗಡಿ ಗುರುತಿಸಿ ಕೊಡಬೇಕು. ಜೊತೆಗೆ ಬೆಳೆದ ಜಾಗದ ಹಕ್ಕು ನಮ್ಮ ದೇಶದ ಕಾನೂನಿನಂತೆ ಸರಿ ಇರಬೇಕು. ನೀವು ಬೇಲಿ ಸುತ್ತ ಮೊಬೈಲ್ ಹಿಡಿದು ನಡೆದರೆ ಪಹಣಿಯಲ್ಲಿ ಇಲ್ಲದ ಜಾಗವೂ ಒಳಗೆ ಬರುತ್ತದೆ, ಕೆಳಗೆ ‘ಎಲ್ಲವೂ ಕಾನೂನುಬದ್ಧ’ ಅಂತ ನಿಮ್ಮದೇ ಸಹಿ ಇರುತ್ತದೆ! ನನ್ನ ಮಾತು ಕೇಳಿದರೆ 16 ಎಕರೆಯ ಗಡಿ ಮಾತ್ರ ಕೊಡಿ. ಗುತ್ತಿಗೆ ಆಗುವ ತನಕ ಆ 2 ಎಕರೆಯ ಹಣ್ಣನ್ನು ಬೇರೆ ಒಣಗಿಸಿ, ಬೇರೆ ಚೀಲ, ಬೇರೆ ಲೆಕ್ಕ. ಕೊಳ್ಳುವವರಿಗೂ ಹೇಳಿಬಿಡಿ. ತೋಟದ ಲೆಕ್ಕ ಬರೆಯುವ ರೈಟ್ರು ಗೊಣಗುತ್ತಾರೆ, ಗೊಣಗಲಿ.

ಇನ್ನು ಏಳನೇ ಕಲಂ. ‘ಯಾವುದೇ ನಷ್ಟವಾದರೂ ಬೆಳೆಗಾರನೇ ಪೂರ್ತಿ ತುಂಬಿಕೊಡಬೇಕು.’ ಒಂದು ಕಂಟೇನರ್ ವಾಪಸ್ ಬಂತು ಅನ್ನಿ, ಅದರಲ್ಲಿ ನಿಮ್ಮದು ಹತ್ತು ಮೂಟೆ. ಉಳಿದದ್ದಕ್ಕೂ ನೀವೇ ಯಾಕೆ ಕೊಡಬೇಕು? ‘ನಾನು ಕೊಟ್ಟ ಕಾಫಿಯ ಬೆಲೆಯಷ್ಟು ಮಾತ್ರ, ಅದೂ ನಾನು ಸುಳ್ಳು ಹೇಳಿದ್ದರೆ’ ಅಂತ ತಿದ್ದಿಸಿ. ಒಪ್ಪದಿದ್ದರೆ ವಕೀಲರಿಗೆ ತೋರಿಸಿ. ಕೊಳ್ಳುವವರು ‘ನಮ್ಮ ವಕೀಲರೇ ನೋಡಿದ್ದಾರೆ’ ಅನ್ನುತ್ತಾರೆ. ಅವರು ಅವರ ವಕೀಲರು, ಅಲ್ವಾ?

‘ಮಾಲಿನ್ಯ ಇಲ್ಲ’ ಅನ್ನುವ ಸಾಲಿಗೆ ಮಾತ್ರ ನಿಮ್ಮ ಪರ ವಾದಿಸಲು ನನಗೆ ಮನಸ್ಸಿಲ್ಲ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನ ನೀರು ಗುಂಡಿಗೆ ಹೋಗುತ್ತದೆ, ‘ತುಂಬಿದಾಗ ಸ್ವಲ್ಪ ಹಳ್ಳಕ್ಕೆ’ ಅಂತ ನೀವೇ ಬರೆದಿದ್ದೀರಿ. ಡಿಸೆಂಬರ್‌ನಲ್ಲಿ ಆ ಹಳ್ಳದ ಕೆಳಗೆ ನಿಂತವರಿಗೆ ಆ ಹುಳಿ ವಾಸನೆ ಗೊತ್ತು. 1974ರ ಜಲ ಕಾಯ್ದೆಯಲ್ಲಿ ‘ಸ್ವಲ್ಪ’ಕ್ಕೆ ವಿನಾಯಿತಿ ಇಲ್ಲ. ಮೊದಲು ಗುಂಡಿ ದೊಡ್ಡದು ಮಾಡಿಸಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರ ತಗೊಳ್ಳಿ. ಹತ್ತು ಜನಕ್ಕಿಂತ ಜಾಸ್ತಿ ಕೆಲಸದವರಿದ್ದಾರಲ್ಲ, ಹೆಂಗಸರ ದೂರು ಕೇಳುವ ಸಮಿತಿಯೂ 2013ರ ಕಾಯ್ದೆ ಪ್ರಕಾರ ಬೇಕು. ಇಲ್ಲದಿದ್ದರೆ 50 ಸಾವಿರದ ತನಕ ದಂಡ.

ಅಲ್ಲಿಯವರೆಗೆ ‘ಮಾಲಿನ್ಯ ಇಲ್ಲ’ ಅನ್ನುವ ಸಾಲಿನ ಪಕ್ಕ ‘ಕೆಲಸ ನಡೆಯುತ್ತಿದೆ’ ಅಂತ ತಾರೀಕು ಹಾಕಿ ಬರೆಯಿರಿ. ವಾಪಸ್ ಕಳಿಸುವ ಮುಂಚೆ ನಾಲ್ಕೂ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ.