ನಿಮ್ಮ ಲೇಖನದಲ್ಲಿ ಚರ್ಚೆಯೇ ಇಲ್ಲ

ನಮಸ್ಕಾರ.

ಕಲ್ಕತ್ತೆಯ ಹಿಂದೂ ಕಾಲೇಜಿನ ಚರ್ಚಾಕೂಟಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಒಳ್ಳೆಯದು, ಬಿಡಲು ಮನಸ್ಸಿಲ್ಲ. ಅದಕ್ಕೇ ಎರಡು ಸಾಲಿನ ವಿಷಾದಪತ್ರದ ಬದಲು ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಬಿಡಿ. ‘ಜ್ಞಾನದ ಜ್ಯೋತಿ’, ‘ಕ್ರಾಂತಿಯ ಕಹಳೆ’, ‘ನವಯುಗದ ಹರಿಕಾರ’ ಇವೆಲ್ಲ ಯಾಕೆ? ನಮ್ಮ ಕಾಲೇಜುಗಳ ಚರ್ಚಾಸ್ಪರ್ಧೆಯಲ್ಲಿ ಕೆಲವರು ‘ಅಧ್ಯಕ್ಷರೇ, ನಿರ್ಣಾಯಕರೇ, ಸಮಯಪಾಲಕರೇ’ ಎಂದು ಶುರುಮಾಡಿ, ಮೊದಲ ಗಂಟೆ ಹೊಡೆಯುವವರೆಗೂ ವಿಷಯಕ್ಕೇ ಬರುವುದಿಲ್ಲ ಅಲ್ವಾ, ಹಾಗಾಗಿದೆ. ಆ ಕಾಲೇಜಿನ ಮೇಷ್ಟ್ರು ಹೆನ್ರಿ ಡಿರೋಜಿಯೋಗೆ ಈ ಬಿರುದುಗಳು ಬೇಕಿಲ್ಲ. 1826ರಲ್ಲಿ ಪಾಠಕ್ಕೆ ನಿಂತಾಗ ಅವರಿಗೆ 17 ವರ್ಷ. ಎದುರು ಕೂತ ಕೆಲವು ಹುಡುಗರು ಅವರಿಗಿಂತ ಒಂದೆರಡು ವರ್ಷ ಚಿಕ್ಕವರು, ಅಷ್ಟೇ. 22ಕ್ಕೆ ಕಾಲರಾ ಬಂದು ತೀರಿಕೊಂಡರು. ಇಷ್ಟು ಹೇಳಿದರೆ ಓದುಗರಿಗೆ ಸಾಕು.

ತಪ್ಪುಗಳೂ ಇವೆ. 1838ರ ಸಭೆಗೆ ಡಿರೋಜಿಯೋ ಅಧ್ಯಕ್ಷರು ಎಂದು ಬರೆದಿದ್ದೀರಿ. ಅವರು 1831ರ ಡಿಸೆಂಬರಿನಲ್ಲೇ ಹೋದರಲ್ಲ! ನೀವು ಎರಡು ಕೂಟಗಳನ್ನು ಕಲಸಿದ್ದೀರಿ. ಅವರು ನಡೆಸಿದ್ದು 1828ರ ಅಕಾಡೆಮಿಕ್ ಅಸೋಸಿಯೇಷನ್, ಮಾಣಿಕ್‌ತಲಾದ ತೋಟದ ಮನೆಯಲ್ಲಿ ಸೇರುತ್ತಿದ್ದದ್ದು. 1838ರ ಜ್ಞಾನೋಪಾರ್ಜಿಕಾ ಸಭೆ ಬೇರೆ. ಅದನ್ನು ಕಟ್ಟಿದವರಲ್ಲಿ ಹಲವರು ಅವರ ಶಿಷ್ಯರು. ಆ ಹೊತ್ತಿಗೆ ಓದು ಮುಗಿಸಿ, ಕೆಲಸ ಹಿಡಿದು, ಮನೆ ಮಠ ಮಾಡಿಕೊಂಡಿದ್ದರು. ಆದರೂ ಸಂಜೆ ಕಾಲೇಜಿಗೆ ಬಂದು ಪ್ರಬಂಧ ಓದುವ ಹುಚ್ಚು ಬಿಟ್ಟಿರಲಿಲ್ಲ. ಇದು ನಿಮ್ಮ ಲೇಖನದಲ್ಲಿ ಬರಲೇಬೇಕಿತ್ತು. ಇನ್ನು ‘ಎಲ್ಲ ಜಾತಿ ಧರ್ಮದ ಯುವಕರು’ ಎಂಬ ಮಾತು ಸರಿಯಲ್ಲ. ಆ ಕಾಲೇಜಿಗೆ ಆಗ ಸೇರಿಸಿಕೊಳ್ಳುತ್ತಿದ್ದದ್ದು ಹಿಂದೂ ಹುಡುಗರನ್ನು ಮಾತ್ರ. ಹೊಗಳುವ ಭರದಲ್ಲಿ ಇದನ್ನು ಮುಚ್ಚಬೇಡಿ.

ನನ್ನ ದೊಡ್ಡ ತಕರಾರು ಬೇರೆ. ಚರ್ಚಾಕೂಟದ ಬಗ್ಗೆ ಬರೆದಿದ್ದೀರಿ, ಅದರಲ್ಲಿ ಒಂದಾದರೂ ಚರ್ಚೆ ಇಲ್ಲ. ‘ವಿಧಿ, ಮೂರ್ತಿಪೂಜೆ, ದೇಶಪ್ರೇಮ, ದೇವರ ಅಸ್ತಿತ್ವ ಮುಂತಾದವುಗಳ ಬಗ್ಗೆ ವಾದಿಸಿದರು’ ಎಂದು ಒಂದೇ ಉಸಿರಿನಲ್ಲಿ ಮುಗಿಸಿದ್ದೀರಿ. ವಾದ ಹೇಗೆ ನಡೆಯುತ್ತಿತ್ತು ಅನ್ನುವುದಕ್ಕೆ ಡಿರೋಜಿಯೋ ಅವರ ಪತ್ರವೇ ಇದೆ. 1831ರ ಏಪ್ರಿಲಿನಲ್ಲಿ ಕಾಲೇಜಿನ ಆಡಳಿತದವರು ಅವರನ್ನು ಹೊರಹಾಕಲು ತೀರ್ಮಾನಿಸಿದರು, ಅವರು ರಾಜೀನಾಮೆ ಕೊಟ್ಟರು. ದೇವರನ್ನು ನಂಬುತ್ತೀರಾ, ತಂದೆತಾಯಿಯ ಮಾತು ಕೇಳಬೇಕಿಲ್ಲ ಎಂದು ಕಲಿಸಿದಿರಾ ಎಂದೆಲ್ಲ ಆಡಳಿತ ಸಮಿತಿಯಲ್ಲಿದ್ದ ಎಚ್. ಎಚ್. ವಿಲ್ಸನ್ ಕೇಳಿದರು. ಡಿರೋಜಿಯೋ ಉತ್ತರ ನೋಡಿ. ದೇವರ ಬಗ್ಗೆ ತತ್ವಜ್ಞಾನಿ ಹ್ಯೂಮ್ ಎತ್ತಿದ ಸಂದೇಹಗಳನ್ನು ಹುಡುಗರ ಮುಂದಿಟ್ಟದ್ದು ನಿಜ, ಅದಕ್ಕೆ ರೀಡ್ ಮತ್ತು ಸ್ಟೂವರ್ಟ್ ಕೊಟ್ಟ ಉತ್ತರಗಳನ್ನೂ ಇಟ್ಟಿದ್ದೇನೆ ಎನ್ನುತ್ತಾರೆ. ಪರ, ವಿರೋಧ ಎರಡೂ. ಈ ಪತ್ರ ನಿಮ್ಮಲ್ಲಿ ಒಂದು ಸಾಲೂ ಇಲ್ಲ. ಬದಲಿಗೆ ಆ ವರ್ಷದ ಆಗಸ್ಟಿನ ದನದ ಮಾಂಸದ ಗಲಾಟೆಗೆ ಅರ್ಧ ಪುಟ! ಅದು ಡಿರೋಜಿಯೋ ಬಳಗದ ಕೃಷ್ಣಮೋಹನ ಬ್ಯಾನರ್ಜಿ ಮನೆಯಲ್ಲಿ, ಅವರೇ ಇಲ್ಲದಾಗ, ಗೆಳೆಯರು ಮಾಡಿದ ರಂಪ. ಓದಲು ಮಜಾ ಇದೆ, ಚರ್ಚಾಕೂಟಕ್ಕೂ ಅದಕ್ಕೂ ಸಂಬಂಧ ಕಡಿಮೆ.

ಇನ್ನೂ ಬೇಸರ ತಂದದ್ದು ನಾಲ್ಕನೇ ಪುಟ. ‘ಒಮ್ಮೆ ಪ್ರಾಂಶುಪಾಲರು ಸಭೆಗೆ ಅಡ್ಡಿಪಡಿಸಿದರು’ ಎಂದು ಬರೆದು ಮುಂದೆ ಹೋಗಿದ್ದೀರಿ. ಸ್ವಾಮಿ, ನಿಮ್ಮ ಲೇಖನ ಇರುವುದೇ ಅಲ್ಲಿ! 1843ರ ಫೆಬ್ರವರಿ 8. ಕಾಲೇಜಿನ ಸಭಾಂಗಣದಲ್ಲಿ ಜ್ಞಾನೋಪಾರ್ಜಿಕಾ ಸಭೆ. ಈಸ್ಟ್ ಇಂಡಿಯಾ ಕಂಪನಿಯ ಕ್ರಿಮಿನಲ್ ನ್ಯಾಯಾಲಯ, ಪೊಲೀಸರ ಸ್ಥಿತಿ ಹೇಗಿದೆ ಎಂದು ದಕ್ಷಿಣಾರಂಜನ ಮುಖರ್ಜಿ ಪ್ರಬಂಧ ಓದುತ್ತಿದ್ದಾರೆ. ಶೇಕ್ಸ್‌ಪಿಯರ್ ಪಾಠಕ್ಕೆ ಹೆಸರಾದ ಪ್ರಾಂಶುಪಾಲ ಡಿ. ಎಲ್. ರಿಚರ್ಡ್‌ಸನ್ ತಡೆಯುತ್ತಾರೆ: ಈ ಜಾಗ ರಾಜದ್ರೋಹದ ಗುಹೆಯಾಗಲು ಬಿಡುವುದಿಲ್ಲ. ಅಧ್ಯಕ್ಷರ ಕುರ್ಚಿಯಲ್ಲಿದ್ದ ತಾರಾಚಂದ್ ಚಕ್ರವರ್ತಿ ಜಗ್ಗಲಿಲ್ಲ. ನೀವಿಲ್ಲಿ ಅತಿಥಿ, ಸಭಾಂಗಣ ಕೊಟ್ಟದ್ದು ಕಾಲೇಜಿನ ಸಮಿತಿ, ನಿಮ್ಮ ಮಾತು ಸಭೆಗೆ ಮಾಡಿದ ಅವಮಾನ, ಹಿಂದೆಗೆದುಕೊಳ್ಳದಿದ್ದರೆ ಸಮಿತಿಗೆ ದೂರು ಕೊಡುತ್ತೇವೆ, ಬೇಕಾದರೆ ಸರ್ಕಾರಕ್ಕೂ. ಅವರ ಉತ್ತರದ ಸಾರ ಇದು.

ಅದೇ ಏಪ್ರಿಲಿನಲ್ಲಿ ಬೆಂಗಾಲ್ ಬ್ರಿಟಿಷ್ ಇಂಡಿಯಾ ಸೊಸೈಟಿ ಎಂಬ ರಾಜಕೀಯ ಸಂಘವೇ ಹುಟ್ಟಿತು. ಇದನ್ನು ಎಲ್ಲಿ ಸೇರಿಸಬೇಕು, ಎಷ್ಟು ಸೇರಿಸಬೇಕು ಎಂಬುದು ನಿಮಗೆ ಬಿಟ್ಟದ್ದು. ‘ಸ್ವಾತಂತ್ರ್ಯ ಹೋರಾಟದ ಬೀಜ ಬಿತ್ತಿದರು’ ಅಂತ ಮಾತ್ರ ಬರೆಯಬೇಡಿ. ಅವರು ಆ ಸಂಜೆ ಕೇಳಿದ್ದು ಸಭೆಯ ಮರ್ಯಾದೆ, ಮತ್ತು ಪ್ರಬಂಧ ಪೂರ್ತಿ ಓದುವ ಹಕ್ಕು.

ಆ ಸಂಜೆಯಿಂದಲೇ ಶುರುಮಾಡಿ. ಹಿಂದಿನದು ಬೇಕಾದಷ್ಟೇ ಬರಲಿ. ಪ್ರಬಂಧದಲ್ಲಿ ಪೊಲೀಸರ ಬಗ್ಗೆ ಏನಿತ್ತು ಎಂದು ಹುಡುಕಿ ಬರೆಯಿರಿ, ಅದು ಆಗಲೇ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಎರಡು ಪುಟ ಜಾಸ್ತಿಯಾದರೂ ಜಾಗ ಮಾಡಿಕೊಡುತ್ತೇನೆ. ಮುಖರ್ಜಿ ಹೆಸರನ್ನು ಮೂರು ಕಡೆ ಮೂರು ಥರ ಬರೆದಿದ್ದೀರಿ, ಯಾವುದಾದರೂ ಒಂದು ಇಟ್ಟುಕೊಳ್ಳಿ.