ಅಮ್ಮನ ಪದಗಳಿಗೆ ಹಿಮಾಲಯ ಯಾಕೆ?

(ಕ್ಯಾಸೆಟ್ ಕಾಲದಿಂದ ಹಾಡುಗಾರರಿಗೆ ಮುಖಪುಟ ಮಾಡಿಕೊಡುತ್ತ ಬಂದ ಹಿರಿಯ ಕಲಾವಿದರು ಓದುಗರಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ನನ್ನ ತಾಯಿಗೆ 67 ವರ್ಷ. ಊರಿನ ಭಜನಾ ಮಂಡಳಿಯಲ್ಲಿ ಏಕತಾರಿ ಹಿಡಿದು ತತ್ವಪದ ಹಾಡುತ್ತಾರೆ. ಎಂಟು ಪದಗಳನ್ನು ಧ್ವನಿಮುದ್ರಣ ಮಾಡಿಸಿದ್ದೇವೆ. ಮೂರು ಶಿಶುನಾಳ ಶರೀಫರವು. 200 ಸಿ.ಡಿ. ಮಾಡಿಸಿ ಹಂಚಿ, ಆಮೇಲೆ ಅಂತರ್ಜಾಲಕ್ಕೂ ಏರಿಸುವ ಆಸೆ. ಲಗ್ನಪತ್ರಿಕೆ ಮುದ್ರಿಸುವವರು ಮುಖಪುಟದ ಮಾದರಿ ಕಳಿಸಿದ್ದಾರೆ: ಹಿಂದೆ ಹಿಮಾಲಯ, ನಡುವೆ ಕಮಲ, ಬಲಕ್ಕೆ ವೀಣೆ, ಎಡಕ್ಕೆ ಶರೀಫರು, ಮೂಲೆಯಲ್ಲಿ ತಾಯಿಯ ಪಾಸ್‌ಪೋರ್ಟ್ ಅಳತೆಯ ಫೋಟೊ. ಎಲ್ಲ ಇದೆ, ಆದರೂ ಏನೋ ಸರಿಯಿಲ್ಲ ಅನ್ನಿಸುತ್ತಿದೆ.
– ಓದುಗರೊಬ್ಬರು, ಗದಗ

ಉತ್ತರ: ಎಲ್ಲ ಇದೆ ಎಂದಿರಿ. ಏಕತಾರಿ ಎಲ್ಲಿದೆ?

ಹಿಮಾಲಯವನ್ನು ಅದರ ಜಾಗಕ್ಕೆ ಕಳಿಸಿಬಿಡಿ. ಗದಗಿನವರಿಗೆ ಕಪ್ಪತಗುಡ್ಡ ಸಾಕು, ಈ ಮುಖಪುಟಕ್ಕೆ ಅದೂ ಬೇಡ. ಶರೀಫರಿಗೆ ಮುಂದೆ ಜಾಗ ಕೊಟ್ಟರೆ ಉಳಿದ ಐದು ಪದಗಳನ್ನು ಕಟ್ಟಿದವರು ಎಲ್ಲಿ ನಿಲ್ಲಬೇಕು? ಪದಕಾರರ ಹೆಸರುಗಳು ಒಳಗಿನ ಹಾಳೆಗೆ ಬರಲಿ. ಮುಂದೆ ನಿಮ್ಮ ತಾಯಿ ಒಬ್ಬರೇ ಇರಲಿ. ಪಾಸ್‌ಪೋರ್ಟ್ ಫೋಟೊ ಮಾತ್ರ ಬೇಡ, ಅದರಲ್ಲಿ ಯಾರೂ ಹಾಡುವವರಂತೆ ಕಾಣುವುದಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ಅವರನ್ನು ಕಿಟಕಿಯ ಪಕ್ಕ ಕೂರಿಸಿ ಹಾಡಲು ಹೇಳಿ. ಹಾಡುವಾಗ ಎಲ್ಲರ ಬಾಯಿಯೂ ಅಂಕುಡೊಂಕು. ಪದ ಮುಗಿಸಿ ಏಕತಾರಿಯನ್ನು ತೊಡೆಗೆ ಒರಗಿಸುವ ಗಳಿಗೆ ಬರುತ್ತದಲ್ಲ, ಆಗ ತೆಗೆಯಿರಿ. ಮುಖ ಸರಿಬಾರದಿದ್ದರೆ ತಂತಿಯ ಮೇಲಿನ ಬೆರಳುಗಳಷ್ಟೇ ಸಾಕು.

ಅಕ್ಷರಗಳ ವಿಷಯದಲ್ಲಿ ನಾನು ಸ್ವಲ್ಪ ಜಗಳಗಂಟ. ನೀವು ಕಳಿಸಿದ ಮಾದರಿಯಲ್ಲಿ ಮುಂದೆ ‘ತತ್ವಪದ’, ಬೆನ್ನಿಗೆ ‘ತತ್ತ್ವಪದ’ ಎಂದಿದೆ. ಯಾವುದಾದರೂ ಒಂದನ್ನು ಇಟ್ಟುಕೊಳ್ಳಿ. ‘ತತ್ತ್ವ’ ಎಂದೇ ಇಡುವುದಾದರೆ ಎರಡು ಒತ್ತುಗಳು ಕೆಳಗಿಳಿದು ಮುಂದಿನ ಸಾಲಿನ ನೆತ್ತಿಗೆ ತಾಗುತ್ತವೆ, ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಿಸಿ. ಗಣಕದ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಿಂದ ಈಗಿನ ಯೂನಿಕೋಡಿಗೆ ಬದಲಾಯಿಸುವಾಗ ಒತ್ತುಗಳು ಚೆಲ್ಲಾಪಿಲ್ಲಿಯಾಗುವುದುಂಟು. ಅಚ್ಚಿಗೆ ಹೋಗುವ ಕಡತವನ್ನೇ ಕಣ್ಣಾರೆ ಓದಿ. ಮೊಬೈಲಿಗೆ ಬಂದ ಚಿತ್ರವನ್ನು ನಂಬಬೇಡಿ.

ಅಂತರ್ಜಾಲಕ್ಕೆ 3000 ಪಿಕ್ಸೆಲ್ ಉದ್ದ, ಅಷ್ಟೇ ಅಗಲದ ಚೌಕ ಮಾಡಿಸಿ. ಕೇಳುವವರಿಗೆ ಅದು ಕಾಣುವುದು ಅಂಚೆಚೀಟಿಯಷ್ಟು. ಆದ್ದರಿಂದ ಅಷ್ಟೇ ಅಳತೆಗೆ ಒಮ್ಮೆ ಮುದ್ರಿಸಿ ತೋಳುದ್ದ ದೂರದಲ್ಲಿ ಹಿಡಿಯಿರಿ. ತಾಯಿಯ ಹೆಸರು ಓದಲು ಬಾರದಿದ್ದರೆ ಇನ್ನೇನನ್ನಾದರೂ ತೆಗೆದು ಅದನ್ನು ದೊಡ್ಡದು ಮಾಡಿ. ಫೋನ್ ನಂಬರು, ಬೆಲೆ ಹಾಕಬೇಡಿ, ಅಂಥ ಮುಖಪುಟಗಳನ್ನು ಹಾಡು ಏರಿಸುವ ಜಾಲತಾಣದವರು ಹಿಂದಿರುಗಿಸುತ್ತಾರೆ.

ಸಿ.ಡಿ.ಗೆ ಪ್ಲಾಸ್ಟಿಕ್ ಡಬ್ಬಿ ಬೇಡ. ಅಂಚೆಯಲ್ಲಿ ಹೋದರೆ ಅದರ ಕೀಲು ಮುರಿದೇ ತಲುಪುತ್ತದೆ. 300 ಜಿ.ಎಸ್.ಎಂ. (ಚದರ ಮೀಟರಿಗೆ 300 ಗ್ರಾಂ ತೂಗುವ) ರಟ್ಟಿನ ಮಡಿಕೆ ಹೊದಿಕೆ ಮಾಡಿಸಿ. ತಟ್ಟೆಯ ಅಡ್ಡಳತೆ 12 ಸೆಂ.ಮೀ., ಜೇಬು ಅದಕ್ಕಿಂತ ಅರ್ಧ ಸೆಂ.ಮೀ. ಸಡಿಲವಿರಲಿ. ಸುತ್ತಲೂ ಕತ್ತರಿಸಲು 3 ಮಿ.ಮೀ. ಹೆಚ್ಚುವರಿ ಬಣ್ಣ ಬಿಡಿಸಿ. ಒಮ್ಮೆ ಅದನ್ನು ಮರೆತು ನಾನು ಗಾಯಕರೊಬ್ಬರ ಗದ್ದದ ಪಕ್ಕ ಬಿಳಿ ಗೆರೆ ಬರಿಸಿದ್ದೆ. ಪರದೆಯ ಮೇಲೆ ಉರಿಯುವ ಕೇಸರಿ ಕಾಗದದ ಮೇಲೆ ಮಂಕಾಗುತ್ತದೆ, ಒಂದು ಪ್ರತಿ ನೋಡಿಯೇ ಒಪ್ಪಿಗೆ ಕೊಡಿ. 200 ಪ್ರತಿಗೆ ಡಿಜಿಟಲ್ ಮುದ್ರಣ ಸಾಕು. ಸಿ.ಡಿ. ಹಾಕುವ ಯಂತ್ರ ಈಗ ಎಷ್ಟು ಮನೆಗಳಲ್ಲಿದೆ? ಬೆನ್ನಿಗೆ ಕ್ಯೂಆರ್ ಕೋಡ್ ಇರಲಿ.

ಒಳಹಾಳೆಯಲ್ಲಿ ಪದಗಳ ಪೂರ್ಣ ಸಾಹಿತ್ಯ, ದಪ್ಪ ಅಕ್ಷರದಲ್ಲಿ. ಓದುವವರು ತಾಯಿಯ ವಯಸ್ಸಿನವರು. ದಮ್ಮಡಿ, ತಾಳ, ಹಾರ್ಮೋನಿಯಂ ನುಡಿಸಿದವರ ಹೆಸರುಗಳನ್ನು ಅವರಿಂದಲೇ ಬರೆಸಿಕೊಳ್ಳಿ. ಕ್ಯಾಸೆಟ್ ದಿನಗಳಲ್ಲಿ, ನಾಲ್ಕು ಇಂಚು ಉದ್ದದ ಚೀಟಿಯಲ್ಲಿ ಜಾಗ ಸಾಲದೆ, ಹಾರ್ಮೋನಿಯಂ ನುಡಿಸಿದವರ ಹೆಸರನ್ನು ನಾನು ಬಿಟ್ಟಿದ್ದೆ. ಅವರು ಮನೆಗೆ ಬಂದರು. ಬೈಯಲಿಲ್ಲ. ಕ್ಯಾಸೆಟ್ಟನ್ನು ಹಿಂದೆ ಮುಂದೆ ತಿರುಗಿಸಿ, ಚೀಟಿ ಬಿಡಿಸಿ ಒಳಗೂ ನೋಡಿ, ಮತ್ತೆ ಮಡಿಸಿಟ್ಟು, ಚಹಾ ಕುಡಿದು ಹೋದರು.

ಪ್ರಶ್ನೆ: ನಮ್ಮ ತಂಡದ ಎಲ್.ಪಿ. (ದೊಡ್ಡ ಗ್ರಾಮಫೋನ್ ತಟ್ಟೆ) ಹೊದಿಕೆಗೆ ನಿಜವಾದ ಹಿತ್ತಾಳೆ ಗೆಜ್ಜೆ ಅಂಟಿಸಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: 1971ರಲ್ಲಿ ಇಂಗ್ಲೆಂಡಿನ ರಾಕ್ ಸಂಗೀತದ ರೋಲಿಂಗ್ ಸ್ಟೋನ್ಸ್ ತಂಡ ತನ್ನ ‘ಸ್ಟಿಕಿ ಫಿಂಗರ್ಸ್’ ಎಲ್.ಪಿ.ಯ ಹೊದಿಕೆಗೆ ನಿಜವಾದ ಜಿಪ್ ಹಾಕಿಸಿತ್ತು, ಕಲ್ಪನೆ ಅಮೆರಿಕದ ಕಲಾವಿದ ಆಂಡಿ ವಾರ್ಹೋಲ್ ಅವರದು. ಒಂದರ ಮೇಲೊಂದು ಪೇರಿಸಿ ಸಾಗಿಸುವಾಗ ಜಿಪ್ ಒತ್ತಿ ತಟ್ಟೆಗಳೇ ಹಾಳಾದವು. ಕೊನೆಗೆ ಜಿಪ್ಪನ್ನು ನಡುವಿನವರೆಗೆ ಎಳೆದಿಟ್ಟು ಕಳಿಸಿದರು: ಒತ್ತಿದರೂ ಹಾಡಿನ ಗೆರೆಗಳ ಮೇಲೆ ಬೀಳದೆ ನಡುವಿನ ಕಾಗದದ ಮೇಲೆ ಬೀಳಲಿ ಎಂದು. ನಿಮ್ಮ ಗೆಜ್ಜೆಯನ್ನು ಉಬ್ಬುಮುದ್ರಣದಲ್ಲಿ ಮಾಡಿಸಿ. ಅಂಟಿಸಲೇಬೇಕೆಂದರೆ ಹೊದಿಕೆಯ ಸರಿನಡುವೆ, ಒಂದೇ ಒಂದು.